ಗಿಟಾರಿನ ಮರದ ಹೆಸರು

ಕುಷಾಯಿಗೂಡ
ಭಾನುವಾರ, 9 ಜುಲೈ 2006

ಗಚ್ಚಿಬೌಲಿಯ ಗಾಜಿನ ಕಟ್ಟಡಗಳ ನೆರಳಿನಲ್ಲಿ ವಾಸವಾಗಿರುವ ದತ್ತಾತ್ರೇಯ ಅವರಿಗೆ, ನೀವು ಬಿಟ್ಟುಹೋದ ನಿಮ್ಮದೇ ಮನೆಯಿಂದ ಪ್ರಫುಲ್ಲಾ ಬರೆಯುವುದು.

ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂಬ ಸಾಲನ್ನು ಬಿಟ್ಟಿದ್ದೇನೆ. ಕ್ಷೇಮ ಇದ್ದಿದ್ದರೆ ಒಂದೇ ಊರಿನಲ್ಲಿರುವ ಗಂಡನಿಗೆ ಅಂಚೆಯಲ್ಲಿ ಪತ್ರ ಹಾಕುವ ಪ್ರಸಂಗ ಬರುತ್ತಿರಲಿಲ್ಲ.

ನಿನ್ನೆ ಸಂಜೆ ಸೂಗಪ್ಪ ಬಂದಿದ್ದ. ನಮ್ಮ ಬೀದಿ ನಾಟಕಗಳಿಗೆ ಡೋಲು ಬಾರಿಸುತ್ತಿದ್ದವನು ಈಗ ನಿಮ್ಮ ಕೋಣೆಯ ಜೊತೆಗಾರ, ಜೊತೆಗೆ ನಿಮ್ಮ ರಾಯಭಾರಿ. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಅಂಗಿಯ ಜೇಬಿನಿಂದ ಟೈಪ್ ಮಾಡಿದ ಹಾಳೆಯೊಂದನ್ನು ತೆಗೆದ.

"ವೈನಿ, ಇದಕ್ಕೊಂದು ಸಹಿ ಹಾಕಿಬಿಡ್ರಿ. ಹದಿನೆಂಟಕ್ಕ ಕಸ್ಟಮ್ಸ್‌ನಾಗ ವಿಚಾರಣೆ ಐತಿ. ಇದೊಂದು ಕಾಗದ ಇದ್ರ ಗಿಟಾರ್ ಕೈಗೆ ಬರ್ತೈತಿ ಅಂತಾನ ಏಜೆಂಟ್. ಗಿಟಾರ್ ಬಂತಂದ್ರ ದತ್ತೂನೂ ಮನಿಗೆ ಬರ್ತಾನ."

"ಮೊದಲ ಗಿಟಾರ್, ಆಮ್ಯಾಲೆ ಗಂಡ. ಸಾಲು ಛಲೋ ಹಚ್ಚೀರಿ," ಎಂದೆ.

"ಅಯ್ಯ, ನನ್ನ ಮ್ಯಾಲೆ ಯಾಕ ಹರಿಹಾಯ್ತೀರಿ? ನಾ ಬರೇ ಪೋಸ್ಟ್‌ಮ್ಯಾನ್ ಇದ್ದಂಗ."

ಹಾಳೆಯನ್ನು ಓದಿದೆ. ಎರಡು ಸಂಗತಿಗಳಿಗೆ ನನ್ನ ಸಹಿ ಬೇಕಾಗಿದೆ. ಒಂದು, ಸಂಸಾರದ ಜಗಳದ ಸಿಟ್ಟಿನಲ್ಲಿ ನಾನೇ ಸುಂಕದ ಕಚೇರಿಗೆ ಸುಳ್ಳು ಸುದ್ದಿ ಮುಟ್ಟಿಸಿದೆ ಎನ್ನುವುದು. ಇನ್ನೊಂದು, ಆ ಗಿಟಾರಿನ ಹಿಂಬದಿ ಮತ್ತು ಪಕ್ಕಗಳ ಮರ ಬ್ರೆಜಿಲ್ ದೇಶದ್ದಲ್ಲ, ನಮ್ಮದೇ ಬೀಟೆ. ಪರಿಸರದ ಕೆಲಸದಲ್ಲಿ ತೊಡಗಿರುವ ನಾನು ಇದನ್ನು ಬಲ್ಲೆ ಎನ್ನುವುದು. ನಾಲ್ಕು ವರ್ಷ ನನ್ನನ್ನು "ಕರಪತ್ರ ಪಂಡಿತೆ" ಎಂದು ಆಡಿಕೊಂಡವರಿಗೆ ಕೊನೆಗೂ ನನ್ನ ಪಾಂಡಿತ್ಯದ ಅಗತ್ಯ ಬಿತ್ತು.

ನಾನು ಸಹಿ ಹಾಕಲಿಲ್ಲ. ಏಕೆ ಹಾಕಲಿಲ್ಲ ಎಂದು ತಿಳಿಸಲು ಈ ಪತ್ರ. ಸೂಗಪ್ಪನ ಬಾಯಲ್ಲಿ ಹೇಳಿ ಕಳಿಸಿದರೆ ಅವನು ಅದಕ್ಕೆ ಸಕ್ಕರೆ ಸವರಿ ನಿಮಗೆ ತಿನ್ನಿಸುತ್ತಾನೆ. ನನಗೆ ಅದು ಬೇಡ.

ನೀವು ಮರೆತಿರಬಹುದು, ನಾನು ಮರೆತಿಲ್ಲ: ನಾನು ನಿಮ್ಮನ್ನು ಮೊದಲು ನೋಡಿದ್ದು ಗಚ್ಚಿಬೌಲಿಯಲ್ಲೇ. ಅಂದು ಅಲ್ಲಿ ಬಂಡೆಗಳನ್ನು ಸಿಡಿಸುತ್ತಿದ್ದರು. ನಾವು ಹತ್ತಾರು ಮಂದಿ ಬಿಸಿಲಲ್ಲಿ ನಿಂತಿದ್ದೆವು. ನಾನು ಕರಪತ್ರ ಹಂಚುತ್ತಿದ್ದೆ. ನೀವು ಕಲ್ಕತ್ತೆಯ ಅಗ್ಗದ ಗಿಟಾರನ್ನು ಕುತ್ತಿಗೆಗೆ ನೇತುಹಾಕಿಕೊಂಡು, ಬಂಡೆಗಳು ಈ ಊರಿನ ಅಜ್ಜಿಯರು, ಅವರ ವಯಸ್ಸು ಕೇಳಬೇಡಿ ಎಂದು ನೀವೇ ಕಟ್ಟಿದ ಹಾಡು ಹೇಳುತ್ತಿದ್ದಿರಿ. ಮೊದಲು ಕನ್ನಡದಲ್ಲಿ, ಯಾರೂ ತಿರುಗಿ ನೋಡದಿದ್ದಾಗ ತೆಲುಗಿನಲ್ಲಿ, ಪೊಲೀಸರು ಬಂದ ಮೇಲೆ ಹಿಂದಿಯಲ್ಲಿ. ಹವಾಲ್ದಾರನೊಬ್ಬ "ಏಕ್ ಔರ್ ಗಾವೋ ಭಾಯ್, ಫಿರ್ ಗಾಡಿ ಮೇ ಬೈಠೋ" ಎಂದ. ನೀವು ಇನ್ನೊಂದು ಹಾಡಿಯೇ ವ್ಯಾನು ಹತ್ತಿದಿರಿ. ಅಂದು ನನ್ನ ಮನಸ್ಸು ನಿಮ್ಮ ಹಿಂದೆ ಹೋಯಿತು. ಈಗ ಆ ಬಂಡೆಗಳ ಜಾಗದಲ್ಲಿ ಎದ್ದ ಹೋಟೆಲಿನಲ್ಲಿ ಶನಿವಾರ ಸಂಜೆ ನೀವು ಬಾರಿಸುತ್ತೀರಂತೆ. ಸೂಗಪ್ಪ ಹೆಮ್ಮೆಯಿಂದ ಹೇಳಿದ. ಅಜ್ಜಿಯರ ಹಾಡನ್ನು ಅಲ್ಲಿಯೂ ಹಾಡುತ್ತೀರೇನು?

ನಾನು ಕಾಲೇಜಿನಲ್ಲಿ ಓದಿದ್ದು ಕಾಮರ್ಸ್. ಉಳಿದದ್ದೆಲ್ಲ ಅಬಿಡ್ಸ್‌ನ ಭಾನುವಾರದ ಫುಟ್‌ಪಾತಿನಲ್ಲಿ ಓದಿದ್ದು. ಮುಚ್ಚಿದ ಅಂಗಡಿಗಳ ಮುಂದೆ ಹಾಸಿದ ಹಳೆಯ ಪುಸ್ತಕಗಳ ನಡುವೆ ಯಾರಿಗೂ ಬೇಡವಾದ ಕಿರುಹೊತ್ತಿಗೆಗಳು ಸಿಗುತ್ತಿದ್ದವು: ಅಣೆಕಟ್ಟಿನ ಮೇಲೆ, ಗಣಿಯ ಮೇಲೆ, ಕಾಡಿನ ಮೇಲೆ. ಬರೆದವರ ಹೆಸರು ಕೂಡ ಕೆಲವುಗಳಲ್ಲಿ ಇರುತ್ತಿರಲಿಲ್ಲ. ಅವುಗಳನ್ನು ಓದಿ ನಾನು ಮನುಷ್ಯಳಾದೆ ಎಂದರೆ ನೀವು ನಗುತ್ತೀರಿ. ನಗಿ.

ಮದುವೆಯಾಗಿ ಈ ಮನೆಗೆ ಬಂದ ಮೇಲೆ ನನ್ನ ಆ ಕಿರುಹೊತ್ತಿಗೆಗಳಿಗೆ ಒಬ್ಬರೇ ಕೇಳುಗರು ಸಿಕ್ಕರು, ನಿಮ್ಮ ತಂದೆ. ಕಣ್ಣಿಗೆ ಪೊರೆ ಬಂದು ಪೇಪರು ಓದಲು ಆಗದೆ ಮಾವನವರು ಚಡಪಡಿಸುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ನಾನು ಪೇಪರು ಓದಿ ಹೇಳುತ್ತಿದ್ದೆ. ಪೇಪರು ಮುಗಿದರೆ, "ನಿನ್ನ ಚೀಟಿ ಏನರೆ ಅದ ಏನವ್ವಾ? ಅದನ್ನೂ ಓದು" ಎನ್ನುತ್ತಿದ್ದರು. ಕರಪತ್ರಕ್ಕೆ ಅವರು ಇಟ್ಟ ಹೆಸರು ಚೀಟಿ. ಮೂವತ್ತು ವರ್ಷ ಸರಕಾರಿ ಕಚೇರಿಯಲ್ಲಿ ದುಡಿದವರು. ಸರಕಾರವನ್ನು ಬಯ್ಯುವ ಸಾಲು ಬಂದರೆ ಕೈ ಎತ್ತಿ ತಡೆಯುತ್ತಿದ್ದರು. "ಹಂಗ ಬರೀಬಾರದು. ಸರಕಾರಕ್ಕ ಯಾರೂ ಪೂರಾ ಹೇಳೂದಿಲ್ಲ, ಅದಕ್ಕ ಅದು ತಪ್ತದ. ಅದರ ಮುಂದ ಅರ್ಧಾ ಮಾತು ಆಡಬಾರದು, ಆಡಿದ್ರ ಪೂರಾ ಆಡಬೇಕು." ಈ ಮಾತಿಗಾಗಿ ನಾನು ಅವರೊಡನೆ ಎಷ್ಟು ಜಗಳ ಆಡಿದ್ದೇನೆ! ಅವರು ಸಿಟ್ಟಾಗುತ್ತಿರಲಿಲ್ಲ. ಮರುದಿನ ಮತ್ತೆ ಚೀಟಿ ಕೇಳುತ್ತಿದ್ದರು.

ಹೀಗಿರುವಾಗ ಕಳೆದ ದೀಪಾವಳಿಯ ಹೊತ್ತಿಗೆ ಆಸ್ಟ್ರೇಲಿಯಾದಿಂದ ನಿಮ್ಮ ಗಿಟಾರು ಮಾಸ್ತರರ ಮಗಳು ಡಾಫ್ನಿಯ ಪತ್ರ ಬಂತು. ನಿಮ್ಮ ಓವೆನ್ ಮಾಸ್ತರರು ತೀರಿಕೊಂಡರು, ಅವರ ಗಿಟಾರು ನಿಮಗೆ ಸೇರಬೇಕೆಂದು ಮಗಳಿಗೆ ಹೇಳಿ ಹೋದರು ಎಂದು. ಅಂದು ನೀವು ಅತ್ತಿರಿ. ನೀವು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಲಾಲಾಗುಡದ ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕುಳಿತು, ಒಳಗೆ ಮಾಸ್ತರರು ಬಾರಿಸುವುದನ್ನು ಕೇಳುತ್ತಿದ್ದ ದಿನಗಳನ್ನು ಹೇಳಿದಿರಿ. ಯಾರೋ ಅಮೆರಿಕದ ಎಂಜಿನಿಯರು ಊರಿಗೆ ಮರಳುವಾಗ ಮಾಸ್ತರರಿಗೆ ಬಿಟ್ಟುಹೋದ ಗಿಟಾರು ಅದು. ಅವರು ಮಗಳ ಹಿಂದೆ ಪರ್ತ್ ನಗರಕ್ಕೆ ಹೋಗುವಾಗ ಅದೂ ಹೋಯಿತು. ಅದರ ದನಿ ಹೇಗಿತ್ತು ಎಂದು ಕೇಳಿದೆ. ತುಂಬಿದ ಬಾವಿಗೆ ತಾಮ್ರದ ಕೊಡ ಇಳಿದ ಹಾಗೆ ಎಂದಿರಿ.

ನಾನು ಆಗಲೇ ಬಾಯಿ ಮುಚ್ಚಿಕೊಳ್ಳಬೇಕಿತ್ತು ಎಂದು ನಿಮ್ಮ ತಾಯಿಯವರು ಇಂದಿಗೂ ಹೇಳುತ್ತಾರೆ. ಆದರೆ ಡಾಫ್ನಿ ಆ ಮರದ ಹೆಸರನ್ನು ಅಕ್ಕರೆಯಿಂದ ಬರೆದಿದ್ದಳು: ಬ್ರೆಜಿಲಿನ ರೋಸ್‌ವುಡ್, ಈಗ ಇಂಥದ್ದು ಸಿಗುವುದಿಲ್ಲ ಎಂದು. ಯಾಕೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನನ್ನ ಕಿರುಹೊತ್ತಿಗೆಯೊಂದರಲ್ಲಿ ಆ ಮರದ ಕಥೆ ಇತ್ತು. ಬ್ರೆಜಿಲಿನ ಕಡಲಂಚಿನ ಕಾಡುಗಳಲ್ಲಿ ಬೆಳೆಯುತ್ತಿದ್ದ, ನಮ್ಮ ಬೀಟೆಯ ದಾಯಾದಿ. ದೊರೆಗಳ ಮೇಜಿಗೆ, ಪಿಯಾನೊಗಳಿಗೆ, ಕೊನೆಗೆ ಗಿಟಾರುಗಳಿಗೆ ಕಡಿದು ಕಡಿದು ಮುಗಿಸಿದರು. ಈಗ ಅದನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಬಾರದೆಂದು ದೇಶದೇಶಗಳು ಸೇರಿ ಕಟ್ಟಳೆ ಮಾಡಿಕೊಂಡಿವೆ. ಹಳೆಯ ವಸ್ತುವಾದರೆ, ಇದು ಕಟ್ಟಳೆಗಿಂತ ಮುಂಚಿನದು ಎಂಬ ಪ್ರಮಾಣಪತ್ರವನ್ನು ಹೊರಡುವ ದೇಶದಲ್ಲೇ ಮಾಡಿಸಬೇಕು. ನಾನು ಕೇಳಿದ್ದು ಅಷ್ಟನ್ನೇ: ಡಾಫ್ನಿಗೆ ಬರೆಯಿರಿ, ಮೊದಲು ಆ ಪತ್ರ ಮಾಡಿಸಲಿ, ಗಿಟಾರು ಆಮೇಲೆ ಬರಲಿ.

"ಯಾರು ನೋಡ್ತಾರ? ಹಳೇ ಗಿಟಾರು. ಮರಕ್ಕ ಏನು ಹಣೀಮ್ಯಾಲೆ ಹೆಸರು ಬರ್ದಿರ್ತದೇನು?" ಎಂದಿರಿ.

"ಮರದ ಹಾಡು ಹಾಡಿ ಮರದ ಹೆಣ ತರಸ್ತೀರೇನು?" ಎಂದೆ. ಒರಟು ಮಾತು. ಹಿಂದೆ ತೆಗೆದುಕೊಳ್ಳುವುದಿಲ್ಲ.

"ಆ ಮರಾ ಕಡದಾಗ ನಾ ಹುಟ್ಟಿರಲೇ ಇಲ್ಲ! ನಿನ್ನ ಚೀಟಿ ಬರದವರಿಗೆ ಒಂದು ಸುರ ಬಾರಸಲಿಕ್ಕೆ ಬರ್ತದೇನು?"

ಅಡುಗೆಮನೆಯಿಂದ ಅತ್ತೆಯವರು ಒಗ್ಗರಣೆ ಹಾಕಿದರು: "ಮರಕ್ಕ ಅಳ್ತಾಳ, ಗಂಡಗ ಅಳೂದಿಲ್ಲ. ಎಂಥಾಕಿ ಸಿಕ್ಕಳೋ ನಿನಗ, ದತ್ತೂ!" ಮಾವನವರು ಒಳಗಿನ ಕೋಣೆಯಿಂದ ಎಲ್ಲ ಕೇಳಿಸಿಕೊಂಡರು. ಪಕ್ಕದ ಮನೆಯ ಜಯಮ್ಮನವರೂ ಕೇಳಿಸಿಕೊಂಡರು ಎಂದು ಮರುದಿನ ನೀರಿನ ಟ್ಯಾಂಕರಿನ ಹತ್ತಿರ ತಿಳಿಯಿತು.

ಆ ಪ್ರಮಾಣಪತ್ರವನ್ನು ನೀವು ಕೇಳಲಿಲ್ಲ. ಗಿಟಾರು ಫೆಬ್ರುವರಿಯಲ್ಲಿ ವಿಮಾನದಲ್ಲಿ ಬಂದು ಬೇಗಂಪೇಟೆಯಲ್ಲಿ ಇಳಿಯಿತು. ಕಾರ್ಖಾನೆಯಲ್ಲಿ ನಿಮಗೆ ರಜೆ ಸಿಗಲಿಲ್ಲ. ಅಧಿಕಾರಪತ್ರ ಬರೆದುಕೊಟ್ಟು ಮಾವನವರನ್ನು ಕಳಿಸಿದಿರಿ. ಹಳೆಯ ಅಧಿಕಾರಿಯನ್ನು ಕಂಡರೆ ಆ ಜನ ಮರ್ಯಾದೆ ಕೊಡುತ್ತಾರೆ ಎಂಬ ಲೆಕ್ಕ ನಿಮ್ಮದು. ಅವರು ಇಸ್ತ್ರಿ ಮಾಡಿದ ಕೋಟು ತೊಟ್ಟು ಆಟೋದಲ್ಲಿ ಹೋಗಿ ಬಂದರು. ಎಂಟು ದಿನ ಬಿಟ್ಟು ಬನ್ನಿ ಎಂದಿದ್ದಾರೆ ಎಂದರು. ಎಂಟು ದಿನಕ್ಕೆ ಗಿಟಾರು ಬರಲಿಲ್ಲ, ಜಪ್ತಿಯ ನೋಟಿಸು ಬಂತು.

ಕಸ್ಟಮ್ಸಿನಿಂದ ಸರಕು ಬಿಡಿಸಿಕೊಡುವ ಏಜೆಂಟನನ್ನು ಹಿಡಿದು ವಿಚಾರಿಸಿದಿರಿ. ಅವನು ಒಳಗೆ ಯಾರನ್ನೋ ಕೇಳಿ ಬಂದು ಒಂದೇ ಮಾತು ಹೇಳಿದ: ಮನೆಯವರೇ ಹೇಳಿದ್ದಾರೆ. ಆ ಸಂಜೆ ನೀವು ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದ ರೀತಿ ನನಗೆ ಗೊತ್ತು. ನೀವು ಕೇಳಲಿಲ್ಲ, ದತ್ತಾತ್ರೇಯ. "ನೀನು ಹೇಳಿದೆಯಾ?" ಎಂದು ಒಂದು ಪ್ರಶ್ನೆ, ಅಷ್ಟೇ. ಕಳ್ಳನನ್ನೂ ಕೇಳುತ್ತಾರೆ. ನೀವು ಚೀಲಕ್ಕೆ ಬಟ್ಟೆ ತುಂಬಿದಿರಿ, ಕಲ್ಕತ್ತೆಯ ಗಿಟಾರನ್ನು ಹೆಗಲಿಗೆ ಹಾಕಿಕೊಂಡಿರಿ, "ನಿನ್ನ ಕಾಡಿನ ಜೊತೀಗೇ ಸಂಸಾರ ಮಾಡು" ಎಂದು ಮೆಟ್ಟಿಲಿಳಿದಿರಿ. ಅತ್ತೆಯವರು ನಿಮ್ಮ ಹಿಂದೆ ಗೇಟಿನ ತನಕ ಓಡಿದರು. ನಾನು ಓಡಲಿಲ್ಲ. ಕುಕ್ಕರಿನ ಕೆಳಗೆ ಉರಿ ಸಣ್ಣ ಮಾಡಿದೆ, ಅದೇ ನೆನಪಿದೆ.

ಕೇಳದೆ ನಂಬಿದವರು ನೀವೊಬ್ಬರೇ ಅಲ್ಲ. ನಮ್ಮ ವನರಕ್ಷಾ ವೇದಿಕೆಯ ಸಂಚಾಲಕ ವೀರಭದ್ರಪ್ಪನವರಿಗೂ ಸುದ್ದಿ ಮುಟ್ಟಿತು. ಅಬಿಡ್ಸ್‌ನ ಪುಸ್ತಕದಂಗಡಿಯ ಮಹಡಿಯ ಮೇಲಿನ ಸಭೆಯಲ್ಲಿ ಅವರು ಎದ್ದು ನಿಂತು ನನಗೆ ಕೈ ಮುಗಿದರು. ಚಪ್ಪಾಳೆ ಬಿತ್ತು. ಮುಂದಿನ ವಾರ ಕರಪತ್ರ ಅಚ್ಚಾಗಿ ಬಂತು: ಗಂಡನ ಗಿಟಾರಿಗಿಂತ ಕಾಡು ದೊಡ್ಡದು ಎಂದು ಸಾರಿದ ಸೋದರಿ ಪ್ರಫುಲ್ಲಾ. ನಿಮಗೆ ಪೂರಾ ಹೇಳುತ್ತೇನೆ: ಒಂದು ದಿನ ಆ ಚಪ್ಪಾಳೆ ನನಗೆ ಸಿಹಿಯಾಗಿತ್ತು. ಮನೆಯಲ್ಲಿ ಯಾರೂ ಮಾತಾಡಿಸದ ಹೆಂಗಸಿಗೆ ಅಷ್ಟು ಜನ ಒಟ್ಟಿಗೆ ಚಪ್ಪಾಳೆ ತಟ್ಟಿದರೆ ಏನಾಗುತ್ತದೆ ಎಂದು ನಿಮಗೆ ತಿಳಿಯದು. ಎರಡನೆಯ ದಿನ ಅದೇ ಕರಪತ್ರವನ್ನು ಮತ್ತೆ ಓದಿದೆ. ನಾನು ಆಡದ ಮಾತುಗಳು ನನ್ನ ಹೆಸರಿನಲ್ಲಿದ್ದವು. ನನ್ನ ಪೆಟ್ಟಿಗೆಯಲ್ಲಿರುವ ಉಳಿದ ಕಿರುಹೊತ್ತಿಗೆಗಳಲ್ಲಿ ಎಷ್ಟು ಮಂದಿಯ ಬಾಯಿಗೆ ಹೀಗೆ ಮಾತು ತುರುಕಿದ್ದಾರೋ ಎಂದು ಅಂದಿನಿಂದ ಅನುಮಾನ ಹತ್ತಿದೆ. ಗಂಡ ಹೋದದ್ದಕ್ಕಿಂತ ಅದು ಕಡಿಮೆ ನೋವೇನಲ್ಲ. ಆದರೂ ಎದ್ದು ನಿಂತು ಅದನ್ನು ಅಲ್ಲಗಳೆಯಲಿಲ್ಲ. ಅದಕ್ಕೆ ಕಾರಣವಿದೆ. ಸಭೆಗೆ ಹೋಗುವುದನ್ನು ಬಿಟ್ಟೆ.

ಏಪ್ರಿಲಿನಲ್ಲಿ ನಾನೊಬ್ಬಳೇ ಸುಂಕದ ಕಚೇರಿಗೆ ಹೋಗಿದ್ದೆ. ಇದು ನಿಮಗೆ ಗೊತ್ತಿಲ್ಲ. ಏನಾದರೂ ದಾರಿ ಇದೆಯೇ ಎಂದು ಕೇಳಲು ಹೋದೆ. ಅಲ್ಲಿಯ ಅಧಿಕಾರಿ ಕೆಟ್ಟವರಲ್ಲ, ಗೋದಾಮಿನಲ್ಲಿ ಪೆಟ್ಟಿಗೆಯನ್ನು ತೆರೆಸಿ ತೋರಿಸಿದರು. ಒಂದು ತಂತಿ ಹರಿದು ಸುರುಳಿಯಾಗಿ ಬಿದ್ದಿತ್ತು. ಹಿಂಬದಿಯ ಮರ ಕಪ್ಪು-ಕೆಂಪು, ಸುಟ್ಟ ಬೆಲ್ಲದ ಪಾಕದಲ್ಲಿ ಕಾಡಿಗೆ ಎಳೆದ ಹಾಗೆ ಗೆರೆಗಳು. ಕೈಯಿಟ್ಟೆ. ಅಷ್ಟು ವರ್ಷದ ಮೇಲೂ ಅದರೊಳಗಿಂದ ತೆಳ್ಳಗೆ ಒಂದು ಪರಿಮಳ ಬರುತ್ತಿತ್ತು. ಗೋದಾಮಿನ ಕೆಲಸದವನು ತಮಾಷೆಗೆ ದಪ್ಪ ತಂತಿಯನ್ನು ಬೆರಳಲ್ಲಿ ಮೀಟಿದ. ಬಾವಿಗೆ ಕೊಡ ಇಳಿಯಿತು. ನೀವು ಹೇಳಿದ್ದು ನಿಜ.

ಆಮೇಲೆ ಬಸ್ಸಿನಲ್ಲಿ ಮನೆಯ ತನಕ ಅಳುತ್ತಲೇ ಬಂದೆ. ಮರಕ್ಕೋ ಗಂಡನಿಗೋ ಎಂದು ಅತ್ತೆಯವರೇ ಲೆಕ್ಕ ಹಾಕಲಿ.

ಡಾಫ್ನಿಗೆ ನಾನೇ ಬರೆದೆ. ಅಲ್ಲಿಯ ಕಚೇರಿಯಲ್ಲಿ ಈಗಲಾದರೂ ಆ ಪ್ರಮಾಣಪತ್ರ ಮಾಡಿಸಿ ಕಳಿಸಲು ಸಾಧ್ಯವೇ ಎಂದು. ಪಾಪ, ಆಕೆ ಓಡಾಡಿದಳು. ರೈಲ್ವೆ ಇನ್‌ಸ್ಟಿಟ್ಯೂಟಿನ ಕ್ರಿಸ್‌ಮಸ್ ಕುಣಿತದಲ್ಲಿ ಮಾಸ್ತರರು ಅದೇ ಗಿಟಾರು ಹಿಡಿದು ನಿಂತ ಹಳೆಯ ಫೋಟೋ ಕೂಡ ಹುಡುಕಿ ಕಳಿಸಿದ್ದಾಳೆ. ಈ ಪತ್ರದ ಜೊತೆ ಇಟ್ಟಿದ್ದೇನೆ. ಆದರೆ ಅಲ್ಲಿಯ ಕಚೇರಿ ಹೇಳಿದ್ದು: ವಸ್ತು ಗಡಿ ದಾಟಿದ ಮೇಲೆ ಪ್ರಮಾಣಪತ್ರ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಮೊದಲೇ ಕೇಳಿದ್ದರೆ ಕೊಡುತ್ತಿದ್ದೆವು. ಮೊದಲೇ. ಈ ಒಂದು ಪದವನ್ನು ನಾನು ದೀಪಾವಳಿಯಲ್ಲಿ ನಿಮ್ಮ ಮುಂದೆ ಎಷ್ಟು ಸಲ ಹೇಳಿದೆ!

ಆದ್ದರಿಂದ ನನಗೆ ಚೆನ್ನಾಗಿ ಗೊತ್ತಿದೆ. ಹದಿನೆಂಟನೆಯ ತಾರೀಖು ನಿಜ ಹೇಳಿದರೆ ಗಿಟಾರು ಸರಕಾರದ ಪಾಲಾಗುತ್ತದೆ. ನಿಮ್ಮ ಹಾಳೆಯ ಸುಳ್ಳು ಹೇಳಿದರೆ ಬಹುಶಃ ಬಿಡುಗಡೆಯಾಗುತ್ತದೆ. ಗೊತ್ತಿದ್ದೇ ನಾನು ಸಹಿ ಹಾಕುತ್ತಿಲ್ಲ. ನಿಮ್ಮ ಪ್ರೀತಿಯ ವಸ್ತು ನನ್ನ ಕೈಯಿಂದಲೇ ಹೋಗುತ್ತದೆ ಎಂದು ನೀವು ಊರೆಲ್ಲ ಹೇಳಬಹುದು, ಹೇಗೂ ಹೇಳಿದ್ದೀರಿ.

ಮೊದಲನೆಯ ಸಂಗತಿಗೆ, ಅಂದರೆ ದೂರು ಕೊಟ್ಟವಳು ನಾನು ಎನ್ನುವುದಕ್ಕೆ, ಬೇಕಾದರೆ ಬೇರೆ ಹಾಳೆ ತನ್ನಿ, ಕಣ್ಣು ಮುಚ್ಚಿ ಸಹಿ ಹಾಕುತ್ತೇನೆ. ಆ ಹೊರೆ ಐದು ತಿಂಗಳಿಂದ ಹೇಗೂ ತಲೆಯ ಮೇಲಿದೆ. ಎರಡನೆಯದಕ್ಕೆ ಹಾಕಲಾರೆ. ಸೂಗಪ್ಪನೇ ಬಾಯಿಬಿಟ್ಟ: "ನಿಮ್ಮದೇನು ಹೊಸಾದಲ್ಲ ವೈನಿ, ಹೋದ ವರ್ಷ ಒಬ್ಬ ಶ್ರೀಮಂತನ ಮೇಜು-ಕುರ್ಚಿ ಹಿಂಗ ಬೀಟಿ ಅಂತ ಬಿಡಿಸ್ಯಾನಂತ ಏಜೆಂಟ್." ಕೇಳಿದಿರಾ? ಇದೇ ಬಾಗಿಲಿನಿಂದ ಇನ್ನೇನೇನು ಒಳಗೆ ಬರುತ್ತದೋ! ಮಾಸ್ತರರ ಗಿಟಾರು ಹಳೆಯದು, ನಿರಪರಾಧಿ, ಒಪ್ಪುತ್ತೇನೆ. ಆದರೆ ಅದರ ಮರದ ಹೆಸರು ಬದಲಿಸಲು ನಾನು ಒಂದು ಸಲ ಕೈ ಕೊಟ್ಟರೆ, ನಾಳೆ ಹೊಸದಾಗಿ ಕಡಿದ ಮರಕ್ಕೂ ಅದೇ ಸುಳ್ಳು ಹೆಸರು ಒದಗುತ್ತದೆ. ಕಾಡಿನಲ್ಲಿ ಇನ್ನೂ ನಿಂತಿರುವ ನಾಲ್ಕು ಮರಗಳಿಗೆ ಅವುಗಳ ಹೆಸರೊಂದೇ ಕಾವಲು. ಇದು ಕರಪತ್ರದ ಮಾತು ಎನ್ನುತ್ತೀರಿ. ಹೌದು. ಕರಪತ್ರ ನನ್ನ ಬಗ್ಗೆ ಸುಳ್ಳು ಹೇಳಿತೆಂದು ಮರದ ಬಗ್ಗೆ ಹೇಳಿದ್ದೆಲ್ಲ ಸುಳ್ಳಾಗುವುದಿಲ್ಲ.

ನೀವು ವಿಚಾರಣೆಗೆ ಹೋಗಿ, ಫೋಟೋ ತೋರಿಸಿ, ಮಾಸ್ತರರ ಮೆಟ್ಟಿಲಿನ ಕಥೆ ಹೇಳಿ. ಗಿಟಾರು ಸಿಗದಿದ್ದರೂ ಮರದ ಪೆಟ್ಟಿಗೆಯಂತೆ ಹರಾಜಿಗೆ ಹಾಕಬೇಡಿ, ಯಾವುದಾದರೂ ಮ್ಯೂಸಿಯಮ್ಮಿಗೆ ಕೊಡಿ ಎಂದು ಕೇಳಿ. ಕೇಳುವುದು ನಿಮಗೆ ಕಷ್ಟ ಎಂದು ಬಲ್ಲೆ. ಕಲಿಯಿರಿ.

ನಾನು ಇಲ್ಲಿಯೇ ಇದ್ದೇನೆ. ತವರಿಗೆ ಹೋಗು ಎಂದು ಅತ್ತೆಯವರು ಎರಡು ದಿನಕ್ಕೊಮ್ಮೆ ಹೇಳುತ್ತಾರೆ, ಮೂರನೆಯ ದಿನ ಬೆನ್ನು ತಿಕ್ಕಲು ಕರೆಯುತ್ತಾರೆ. ಶುಕ್ರವಾರ ಮಾವನವರ ಬಲಗಣ್ಣಿನ ಶಸ್ತ್ರಚಿಕಿತ್ಸೆ. ಅವರ ಜೊತೆ ಆಸ್ಪತ್ರೆಯಲ್ಲಿ ಮಗ ಇರಬೇಕು. ಸೊಸೆ ಇರುತ್ತಾಳೆ.

ಇಷ್ಟಾದ ಮೇಲೂ ತನ್ನ ಹೆಸರಿನ ಜೊತೆ ನಿಮ್ಮ ಹೆಸರನ್ನು ಬರೆಯುತ್ತಿರುವ,
ಪ್ರಫುಲ್ಲಾ ದತ್ತಾತ್ರೇಯ

ತಾ. ಕ.: ಲಕೋಟೆಯನ್ನು ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮದುವೆಗೆ ಮುಂಚೆ ಕರೆಯುತ್ತಿದ್ದ ಹಾಗೆ ಕರೆಯುತ್ತೇನೆ, ದತ್ತು, ಇದನ್ನು ಓದಿ ಹರಿದುಹಾಕು. ಫೆಬ್ರುವರಿಯಲ್ಲಿ ನಾನು ಆ ಕಚೇರಿಯ ದಿಕ್ಕನ್ನೂ ನೋಡಿರಲಿಲ್ಲ. ಯಾರಿಗೂ ಫೋನು ಮಾಡಿಲ್ಲ, ಯಾರಿಗೂ ಬರೆದಿಲ್ಲ. ಬೇಗಂಪೇಟೆಯಿಂದ ಮರಳಿದ ಸಂಜೆ ಮಾವನವರು ಅಲ್ಲಿ ನಡೆದದ್ದನ್ನು ನನಗೊಬ್ಬಳಿಗೇ ಹೇಳಿದರು. ನೀನು ಕಾರ್ಖಾನೆಯಲ್ಲಿದ್ದೆ, ಅತ್ತೆ ಮಠಕ್ಕೆ ಹೋಗಿದ್ದರು. ಅಲ್ಲಿಯ ಸಾಹೇಬ ಪೆಟ್ಟಿಗೆಯನ್ನು ಅರ್ಧ ತೆರೆದು, "ಪುರಾನಾ ಗಿಟಾರ್ ಹೈ, ಜಾನೇ ದೋ" ಎಂದು ಬಿಟ್ಟುಕೊಡಲು ಹೊರಟಿದ್ದನಂತೆ. ಮಾವನವರು ಅವನನ್ನು ತಡೆದರು. "ಠಹರೋ ಸಾಬ್, ಯೇ ಮಾಮೂಲಿ ಲಕಡಿ ನೈ. ಬ್ರೆಜಿಲ್ ಕೀ ರೋಸ್‌ವುಡ್ ಹೈ, ಅಬ್ ದುನಿಯಾ ಮೇ ಮಿಲ್ತೀಚ್ ನೈ. ಹಮಾರೀ ಬಹೂ ಪಢ್ ಕೇ ಸುನಾಯೀ" ಎಂದರಂತೆ. ಇದು ಸಾಮಾನ್ಯ ಮರವಲ್ಲ, ನಮ್ಮ ಸೊಸೆ ಓದಿ ಹೇಳಿದ್ದಾಳೆ ಎಂದು. ಸಾಹೇಬ ಎದ್ದು ಕುರ್ಚಿ ಕೊಟ್ಟನಂತೆ, ನೀರು ತರಿಸಿದನಂತೆ, ಅವರು ಹೇಳಿದ್ದನ್ನೆಲ್ಲ ಬರೆಸಿಕೊಂಡು ಸಹಿ ಹಾಕಿಸಿಕೊಂಡನಂತೆ. "ಎಷ್ಟ್ ಮರ್ಯಾದಿ ಕೊಟ್ಟ ಅಂತೀ! ಪೂರಾ ಹೇಳಿದವರಿಗೆ ಸರಕಾರ ಹಂಗ ನಡಕೋತದ" ಎಂದು ಅವರ ಮುಖ ದೀಪದಂತೆ ಬೆಳಗುತ್ತಿತ್ತು. ಏಪ್ರಿಲಿನಲ್ಲಿ ಅಧಿಕಾರಿ ನನಗೂ ಅದನ್ನೇ ಹೇಳಿದರು, ಬೇರೆ ಯಾವ ದೂರೂ ಇಲ್ಲ, ನಿಮ್ಮ ಮಾವನವರ ಹೇಳಿಕೆಯೊಂದೇ ಎಂದು. ನನ್ನ ಹೆಸರಿನಲ್ಲಿ ಆ ಮರ ಬೀಟೆ ಎಂದು ನೀನು ಹೇಳಿಕೆ ಕೊಟ್ಟರೆ, ಅವರು ಮೊದಲು ಕರೆಸುವುದು ನಿನ್ನ ಅಪ್ಪನನ್ನು. ಜೀವಮಾನದಲ್ಲಿ ಒಂದು ಅರ್ಧ ಮಾತನ್ನೂ ಆಡದವರನ್ನು ಸಾಹೇಬನ ಮುಂದೆ ನಿಲ್ಲಿಸಿ, ನೀವು ಅಂದು ಸುಳ್ಳು ಹೇಳಿದಿರಾ ಎಂದು ಕೇಳುತ್ತಾರೆ. ತಾವು ಹೇಳಿದ್ದರಿಂದಲೇ ಜಪ್ತಿಯಾಯಿತು ಎಂದು ಅವರಿಗೆ ಹೊಳೆದೇ ಇಲ್ಲ. ನಿಜ ಕೇಳಿದ ಸರಕಾರ ಹಾಗೆ ಮಾಡುವುದಿಲ್ಲ, ಯಾರೋ ಚಾಡಿ ಹೇಳಿದ್ದಾರೆ ಎಂದೇ ನಂಬಿದ್ದಾರೆ. ಯಾರು ಎಂದು ನೀನೇ ಅವರಿಗೆ ತಿಳಿಸಿ ಹೋಗಿದ್ದೀಯ. ಅವರಿಗೆ ಎಂದಿಗೂ ಗೊತ್ತಾಗಬಾರದು, ನಿನ್ನಲ್ಲಿ ನಾನು ಕೇಳುವುದು ಇದೊಂದೇ. ನೀನು ಹೋದ ಮೇಲೆ ಅವರು ನನ್ನಿಂದ ಚೀಟಿ ಓದಿಸಿಕೊಳ್ಳುವುದನ್ನು ಬಿಟ್ಟರು. ನಿನ್ನೆ ಸೂಗಪ್ಪ ಹೋದ ಮೇಲೆ ನಾನು ಕೊಟ್ಟ ಚಹಾದ ಬಟ್ಟಲನ್ನು ಪಕ್ಕಕ್ಕಿಟ್ಟು, ಮೆಲ್ಲಗೆ ಕೇಳಿದರು: "ನೀ ಯಾಕ ಹೋಗಿ ಹೇಳಿದಿ, ತಂಗೀ? ನಾನೇ ಎಲ್ಲಾ ಹೇಳಿ ಬಂದಿದ್ದೆನಲ್ಲ." ತಪ್ಪಾಯಿತು ಮಾವ ಎಂದೆ.